ಉಣ್ಣಲೊಲ್ಲದ ಮಕ್ಕಳ ವಿಷಯವಾಗಿ

(ಮಾರ್ಕ ೫, ೨೧–೪೩ ಓದಿರಿ)

ಯಾಯೀರನ ಮಗಳಿಗೆ ಹನ್ನೆರಡು ವರುಷವಾಗಿತ್ತು. ಕರ್ತನು ಆಕೆಯ ಕೈಹಿಡಿದು ಎಬ್ಬಿಸಿದ ಮೇಲೆ, ಸುತ್ತಲಿನವರೆಲ್ಲರು ಬೆರಗಾಗಿ ನಿಂತಿರಲು, ಹುಡುಗಿಗೆ ಊಟ ಕೊಡಬೇಕೆಂದು ಆತನೇ ನೆನಪು ಮಾಡಿದನು. ಮಗುವಿನ ಹಸಿವೆಯು ಆತನಿಗೆ ಸಣ್ಣ ಮಾತಾಗಿರಲಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ನಮ್ಮ ಮನೆಗಳಲ್ಲಿ, ಅನ್ನವಿಲ್ಲದೆ ಹಸಿಯುವ ಮಗುವಿನ ದುಃಖವನ್ನು ನಾವು ಬಲ್ಲೆವು. ಆದರೆ ಗಂಗಾಳದಲ್ಲಿ ಅನ್ನವಿದ್ದೂ ತನ್ನ ಮೈಗೆ ತಾನೇ ನಾಚಿ ಉಣ್ಣದಿರುವ ಮಗುವನ್ನು ನಾವು ಗುರುತಿಸುವದಿಲ್ಲ. ಹಟವೆನ್ನುತ್ತೇವೆ, ಸೊಕ್ಕೆನ್ನುತ್ತೇವೆ. ವೈದ್ಯರು ಇದನ್ನು ರೋಗವೆನ್ನುತ್ತಾರೆ. ಮನಸ್ಸಿನ ರೋಗಗಳಲ್ಲಿ ಹೆಚ್ಚಾಗಿ ಪ್ರಾಣ ತೆಗೆಯುವವುಗಳಲ್ಲಿ ಇದೂ ಒಂದು. ಹುಡುಗಿಯರಲ್ಲಿ ಹೆಚ್ಚು, ಹುಡುಗರಲ್ಲಿಯೂ ಉಂಟು.

ಇದು ಎಲ್ಲಿಂದ ಬರುತ್ತದೆ? ಕಾರಣವು ಒಂದೇ ಅಲ್ಲ. ಕೆಲವರಿಗೆ ವಂಶದಿಂದ ಬಂದ ಒಲವು, ಕೆಲವರಿಗೆ ಎಲ್ಲದರಲ್ಲಿಯೂ ಮೊದಲಿಗರಾಗಬೇಕೆಂಬ ತವಕ, ಮೈ ನೆರೆಯುವ ಕಾಲದ ಮಾರ್ಪಾಟು, ಮೊಬೈಲಿನಲ್ಲಿ ದಿನವೆಲ್ಲಾ ಕಾಣುವ ತಿದ್ದಿದ ಮುಖಗಳು. ಆದರೆ ನಮ್ಮ ನಾಲಿಗೆಗೂ ಅದರಲ್ಲಿ ಪಾಲುಂಟು. ಮದುವೆಯ ಚಪ್ಪರದಲ್ಲಿ "ಎಷ್ಟು ದಪ್ಪಗಾದೆಯೇ!" ಎಂದು ನಗುವವರು ಯಾರು? ಅಕ್ಕತಂಗಿಯರನ್ನು ಜೊತೆಗೆ ನಿಲ್ಲಿಸಿ ಬಣ್ಣವನ್ನು ಹೋಲಿಸುವವರು ಯಾರು? ಯಲ್ಲಾಪುರದ ಕಡೆಯ ಸಿದ್ದಿ ಮಕ್ಕಳ ಕೂದಲನ್ನು ಹಾಸ್ಯಮಾಡುವವರು ಯಾರು? ೧೯೭೫ರಲ್ಲಿ ಪೇಟೆಗೆ ಬಂದ 'ಫೇರ್ ಅಂಡ್ ಲವ್ಲಿ' ಎಂಬ ಲೇಪವು ೨೦೨೦ರಲ್ಲಿ ತನ್ನ ಹೆಸರಿನಿಂದ ಬಿಳುಪಿನ ಮಾತನ್ನು ತೆಗೆದುಹಾಕಿತು; ನಮ್ಮ ಬಾಯಿಂದ ಆ ಮಾತು ಇನ್ನೂ ಹೋಗಲಿಲ್ಲ.

ಹೀಗಿರಲಾಗಿ ನಾವು ಮಾಡತಕ್ಕದ್ದೇನು? ಮಕ್ಕಳ ಮೈಯ ಗಾತ್ರವನ್ನು ಮಾತಿಗೆ ತರಬಾರದು. ಅವರ ಮುಂದೆ ನಮ್ಮ ಮೈಯನ್ನೂ ಹಳಿದುಕೊಳ್ಳಬಾರದು. ದಿನಕ್ಕೆ ಒಂದು ಹೊತ್ತಾದರೂ ಎಲ್ಲರು ಕೂಡಿ ಉಣ್ಣಬೇಕು. ಆ ಹೊತ್ತಿನಲ್ಲಿ ಗದರಿಕೆ ಬೇಡ. ಉಪವಾಸವೆಂದು ಹೇಳಿ ಮಗುವು ದಿನದಿನವೂ ಊಟ ಬಿಡುತ್ತಿದ್ದರೆ ಅದನ್ನು ಭಕ್ತಿಯೆಂದು ಹೊಗಳಬೇಡಿರಿ. ಉಂಡೊಡನೆ ಗುಟ್ಟಾಗಿ ವಾಂತಿಮಾಡಿದರೆ, ತಲೆಸುತ್ತಿ ಬಿದ್ದರೆ, ಹುಡುಗಿಗೆ ಮುಟ್ಟು ನಿಂತರೆ, ತಡಮಾಡದೆ ವೈದ್ಯರ ಬಳಿಗೆ ಕರಕೊಂಡು ಹೋಗಿರಿ. ಸರಕಾರವು ೨೦೨೨ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಎಂಬ ಸೇವೆಯ ೧೪೪೧೬ ಸಂಖ್ಯೆಗೆ ಫೋನ್ ಮಾಡಿದರೆ ಹಣವಿಲ್ಲದೆ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ.

ಯಾಯೀರನು ಸಭಾಮಂದಿರದ ಅಧಿಕಾರಿಯಾಗಿದ್ದರೂ ಗುಂಪಿನ ನಡುವೆ ನಾಚದೆ ಕರ್ತನ ಪಾದಕ್ಕೆ ಬಿದ್ದು ಮಗಳಿಗೋಸ್ಕರ ಬೇಡಿಕೊಂಡನು. ನಾವೂ ಜನರೇನೆಂದಾರೆಂಬ ಅಂಜಿಕೆಯನ್ನು ಬಿಟ್ಟು ಸಹಾಯವನ್ನು ಕೇಳೋಣ. ನಮ್ಮ ಮಕ್ಕಳನ್ನು ತಾಯಿಯ ಗರ್ಭದಲ್ಲಿ ರೂಪಿಸಿದಾತನು, ಆ ರೂಪವನ್ನು ಹಳಿದ ನಮ್ಮ ಮಾತುಗಳನ್ನು ಕ್ಷಮಿಸಲಿ. ಉಣ್ಣದೆ ಕುಳಿತ ಮಗುವಿನ ಕೈಹಿಡಿದು ಎಬ್ಬಿಸಲಿ. ಆಮೆನ್.