ಮುಚ್ಚಳದ ಹಿಂದಿನ ದೀಪ

ಯಾರ ಕಣ್ಣಿಗೂ ಬೀಳದ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡಬೇಕೆ?

1938ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯು ಹಾರ್ಲಿ ಅರ್ಲ್ ಅವರ ನೇತೃತ್ವದಲ್ಲಿ 'ಬ್ಯೂಕ್ ವೈ-ಜಾಬ್' ಎಂಬ ಕಾರನ್ನು ನಿರ್ಮಿಸಿತು. ಅದು ಮಾರಾಟಕ್ಕಲ್ಲ, ಮುಂದಿನ ಕಾರುಗಳು ಹೇಗಿರಬಹುದೆಂದು ತೋರಿಸಲು ಮಾಡಿದ ಒಂದೇ ಒಂದು ಕಾರು. ಅದರ ಮುಂದೀಪಗಳು ಬೇಡವಾದಾಗ ಮುಚ್ಚಳದ ಹಿಂದೆ ಅಡಗುತ್ತಿದ್ದವು.

ಇಂಥ ಹಳೆಯ ಕಾರುಗಳ ಪುಟ್ಟ ಮಾದರಿಗಳನ್ನು ತಿಂಗಳುಗಟ್ಟಲೆ ಕುಳಿತು ಮಾಡುವ ಹವ್ಯಾಸಿಗಳಿದ್ದಾರೆ. ಮೂಲಕ್ಕಿಂತ 24 ಪಟ್ಟು ಚಿಕ್ಕ ಮಾದರಿಯಲ್ಲಿ ದೀಪವೆಂದರೆ ಕಡಲೆಕಾಳಿನಷ್ಟು. ಮುಚ್ಚಳ ಮುಚ್ಚಿಯೇ ಇರುವುದಾದರೆ ಅದನ್ನು ಕೂರಿಸಬೇಕೆ? ಬಿಟ್ಟರೆ ನೋಡುವವರಿಗೆ ತಿಳಿಯದು. ಮಾಡಿದವನಿಗೆ ತಿಳಿದಿರುತ್ತದೆ, ದೇವರಿಗೂ ತಿಳಿದಿರುತ್ತದೆ.

ನಮ್ಮ ಮನೆಗಳಲ್ಲೂ ಇಂಥ ದೀಪಗಳಿವೆ: ಹಾಸಿಗೆ ಹಿಡಿದ ಅಜ್ಜಿಗೆ ನಡುರಾತ್ರಿ ಕೊಡುವ ನೀರು, ನುಂಗಿಕೊಂಡ ಕಟುಮಾತು, ಯಾರಿಗೂ ಹೇಳದ ದಾನ. ಸಂತ ಜೋಸೆಫರ ಒಂದು ಮಾತೂ ಶುಭಸಂದೇಶಗಳಲ್ಲಿಲ್ಲ. ಆದರೂ 1870ರಲ್ಲಿ ಧರ್ಮಸಭೆಯು ಅವರನ್ನೇ ತನ್ನ ಪಾಲಕರೆಂದು ಸಾರಿತು.

ಆದರೆ ಒಂದು ಎಚ್ಚರ. ಪುಟ್ಟ ಕಾರಿಗೆ ಸಿಗುವ ತಾಳ್ಮೆ ಪಕ್ಕದಲ್ಲಿ ನಿಂತ ಮಗುವಿಗೆ ಸಿಗದಿದ್ದರೆ ಆ ಕುಶಲತೆ ಬರಿಯ ಹೆಮ್ಮೆಯಾದೀತು.

ಇಂದು ಕುಟುಂಬ ಪ್ರಾರ್ಥನೆಯ ಬಳಿಕ ನಿಮ್ಮನ್ನೇ ಕೇಳಿಕೊಳ್ಳಿ: ಯಾರೂ ನೋಡದಾಗ ನಾನು ಯಾವುದನ್ನು ಬಿಟ್ಟುಬಿಡುತ್ತೇನೆ?