ಗದ್ದೆಯ ಬದುವೂ ನಮ್ಮ ನಂಬಿಕೆಯೂ

(ಓದತಕ್ಕ ಭಾಗಗಳು: ಪರಮಗೀತ ೨:೧೫, ಲೂಕ ೧೬:೧೦)



ವಿರಾಜಪೇಟೆಯಿಂದ ಗೋಣಿಕೊಪ್ಪಲಿಗೆ ಹೋಗುವ ದಾರಿಯಲ್ಲಿರುವ ಬಿಟ್ಟಂಗಾಲದ ಗದ್ದೆಗಳನ್ನು ಮಳೆಗಾಲದಲ್ಲಿ ಕಂಡವರು ಒಂದು ಸಂಗತಿಯನ್ನು ಬಲ್ಲರು. ಕಕ್ಕಡದ ಮಳೆಯಲ್ಲಿ ನಾಟಿ ಮುಗಿದ ಮೇಲೆ ಬೇಸಾಯಗಾರನು ಒಲೆಯ ಬಳಿಯಲ್ಲಿ ಬೆಚ್ಚಗೆ ಕೂತಿರುವದಿಲ್ಲ. ಗುದ್ದಲಿಯನ್ನು ಹೆಗಲಿಗೇರಿಸಿ ಪ್ರತಿದಿನ ಬದುವಿನ ಮೇಲೆ ನಡೆಯುತ್ತಾನೆ. ಯಾಕಂದರೆ ಏಡಿಯು ಬದುವನ್ನು ಕೊರೆಯುತ್ತದೆ. ಆ ಬಿಲವು ಕಣ್ಣಿಗೆ ಅಲ್ಪವಾದದ್ದು. ಆದರೂ ಅದನ್ನು ಅಲಕ್ಷ್ಯ ಮಾಡಿದರೆ ಗದ್ದೆಯ ನೀರು ಸದ್ದಿಲ್ಲದೆ ಇಳಿದುಹೋಗುವದು. ಇನ್ನೂ ಬಿಟ್ಟರೆ ಬದುವೇ ಕುಸಿಯುವದು.

ದ್ರಾಕ್ಷೇತೋಟವನ್ನು ಹಾಳುಮಾಡುವ ಚಿಕ್ಕ ನರಿಗಳನ್ನು ಹಿಡಿಯಬೇಕೆಂದು ಪರಮಗೀತದಲ್ಲಿ ಹೇಳಿದೆ. ಅಲ್ಪವಾದದ್ದರಲ್ಲಿ ನಂಬಿಗಸ್ತನಾದವನೇ ದೊಡ್ಡದರಲ್ಲಿಯೂ ನಂಬಿಗಸ್ತನೆಂದು ನಮ್ಮ ಕರ್ತನು ಬೋಧಿಸಿದನು. ನಂಬಿಕೆಯು ಒಂದೇ ದಿನದಲ್ಲಿ ಬಿದ್ದುಹೋಗುವದು ಅಪರೂಪ. ಅದು ಸಣ್ಣ ಬಿಲಗಳಿಂದ ಸೋರಿಹೋಗುತ್ತದೆ. ಅಂಥ ಮೂರು ಬಿಲಗಳನ್ನು ನೋಡೋಣ.

ಮೊದಲನೆಯದು, ಪ್ರಾರ್ಥನೆಯನ್ನು ಮುಂದಕ್ಕೆ ಹಾಕುವದು. ಇದನ್ನು ಬರೆಯುವ ನಾನೂ ಇದರಲ್ಲಿ ತಪ್ಪಿದವನೇ. ಒಂದು ವರುಷ ಕಾಫಿ ಕೊಯ್ಲಿನ ಕಾಲದಲ್ಲಿ ದಣಿವಿನ ನೆವದಿಂದ ಸಂಜೆಯ ಕುಟುಂಬ ಪ್ರಾರ್ಥನೆಯನ್ನು ನಾಳೆ ನಾಳೆ ಎಂದು ಬಿಡುತ್ತಾ ಬಂದೆನು. ಒಂದು ರಾತ್ರಿ ನನ್ನ ಚಿಕ್ಕ ಮಗಳು, "ಅಪ್ಪಾ, ಕೊಯ್ಲು ಮುಗಿಯುವ ತನಕ ದೇವರಿಗೂ ರಜೆಯೋ?" ಎಂದು ಕೇಳಿದಳು. ನಾನು ಉತ್ತರ ಕೊಡಲಾರದೆ ದೀಪವನ್ನು ಹತ್ತಿರಕ್ಕೆಳೆದು ಸತ್ಯವೇದವನ್ನು ತೆರೆದೆನು. ಹತ್ತು ನಿಮಿಷವೂ ಹಿಡಿಯಲಿಲ್ಲ. ಅಷ್ಟಕ್ಕಾಗಿ ನಾನು ಎಷ್ಟೋ ದಿನಗಳ ಸಮಾಧಾನವನ್ನು ಕಳಕೊಂಡಿದ್ದೆನು.

ಎರಡನೆಯದು, ಅಳತೆಯಲ್ಲಿಯೂ ಮಾತಿನಲ್ಲಿಯೂ ಮೋಸ. ಕಾಫಿ ಹಣ್ಣಿನ ಚೀಲದ ಅಡಿಯಲ್ಲಿ ಕಲ್ಲಿಟ್ಟು ತೂಗಿಸುವವನು, ಮೇಸ್ತ್ರಿಯು ಬೆನ್ನು ತಿರುಗಿಸಿದೊಡನೆ ಕೈ ಕಟ್ಟಿ ನಿಲ್ಲುವವನು, ಆಳಿನ ಕೂಲಿಯನ್ನು ತಡೆದಿಟ್ಟುಕೊಂಡು ಆದಿತ್ಯವಾರ ಮುಂದಿನ ಬೆಂಚಿನಲ್ಲಿ ಕೂತಿರುವವನು, ಇವರೆಲ್ಲರ ಬದುವಿನಲ್ಲಿ ಬಿಲವಿದೆ. ನೆರೆಯವರು ನಮ್ಮ ಪ್ರಸಂಗವನ್ನು ಕೇಳಲು ಬಾರದೆ ಇರಬಹುದು. ನಮ್ಮ ತಕ್ಕಡಿಯನ್ನಾದರೋ ದಿನಾಲೂ ನೋಡುತ್ತಾರೆ.

ಮೂರನೆಯದು ಭಯ. ಇದೇ ಎಲ್ಲಕ್ಕಿಂತ ಕಠಿಣವಾದದ್ದು. ನಡುರಾತ್ರಿಯಲ್ಲಿ ಮಗುವಿಗೆ ಜ್ವರವೇರುತ್ತದೆ. ಹೊರಗೆ ಮಳೆ ಸುರಿಯುತ್ತದೆ. ಮನೆಯ ಹಿರಿಯಳು ತಾಯಿತವನ್ನು ಕಟ್ಟಿಸೆಂದು ಅಳುತ್ತಾಳೆ. ತಾಯಿಯೇ, ಆ ಹೊತ್ತಿನಲ್ಲಿ ನಿನ್ನ ಕೈ ನಡುಗಿದರೆ ಕರ್ತನು ನಿನ್ನನ್ನು ತಿರಸ್ಕರಿಸುವದಿಲ್ಲ. ಯಾಯೀರನ ಮನೆಗೆ ಹೋದವನು ನಿನ್ನ ಮನೆಯನ್ನೂ ಬಲ್ಲನು. ಮಗುವನ್ನು ತಡಮಾಡದೆ ಆಸ್ಪತ್ರೆಗೆ ಕರಕೊಂಡು ಹೋಗು. ವೈದ್ಯನ ಕೈಯೂ ದೇವರು ಕೊಟ್ಟದ್ದೇ. ದಾರಿಯುದ್ದಕ್ಕೂ ಪ್ರಾರ್ಥಿಸು. ಸಭೆಯವರೇ, ಆ ತಾಯಿಯನ್ನು ಒಬ್ಬಳನ್ನೇ ಬಿಡಬೇಡಿರಿ. ನೆರವಿಗೆ ಯಾರೂ ಬಾರದ ಮನೆಯಲ್ಲಿಯೇ ಭಯವು ಬೇಗನೆ ಬಿಲ ತೋಡುತ್ತದೆ.

ನಮ್ಮ ನಾಡಿನ ಹಿರಿಯರನ್ನು ನೆನಸಿಕೊಳ್ಳಿರಿ. ಬಾಸೆಲ್ ಮಿಶನಿನ ಹೆರ್ಮನ್ ಮೋಗ್ಲಿಂಗ್ ಬೋಧಕರು ೧೮೫೦ರ ದಶಕದಲ್ಲಿ ಕೊಡಗಿಗೆ ಬಂದು ಸುವಾರ್ತೆಯನ್ನು ಸಾರಿದರು. ಒಡೆಯರ ಗದ್ದೆಗಳಲ್ಲಿ ತಲೆತಲಾಂತರದಿಂದ ಆಳುಗಳಾಗಿ ದುಡಿಯುತ್ತಿದ್ದ ಜನರಲ್ಲಿ ಕೆಲವರು ಕರ್ತನ ಕಡೆಗೆ ತಿರುಗಿದರು. ಅವರಿಗೋಸ್ಕರ ಅಮ್ಮತ್ತಿ ನಾಡಿನಲ್ಲಿ ಆನಂದಪುರವೆಂಬ ಊರು ನೆಲೆಗೊಂಡಿತು. ೧೮೬೦ರಲ್ಲಿ ಮೋಗ್ಲಿಂಗರು ಸ್ವದೇಶಕ್ಕೆ ಹೊರಟುಹೋದರು, ತಿರಿಗಿ ಬರಲಿಲ್ಲ. ಬೋಧಕನು ಹೋದ ಮೇಲೂ ಸಭೆ ಉಳಿಯಿತು. ಬೋಧಕನು ದಾರಿ ತೋರಿಸಬಲ್ಲನು. ನಮ್ಮ ಮನೆಯ ಬದುವಿನ ಮೇಲೆ ನಾವೇ ನಡೆಯಬೇಕು.

ಬಿಲವು ಸಿಕ್ಕಿದರೆ ಏನು ಮಾಡತಕ್ಕದ್ದು? ಮೇಲೆ ಹಿಡಿ ಮಣ್ಣು ಹಾಕಿ ಮುಚ್ಚಿದರೆ ಸಾಲದೆಂದು ಬೇಸಾಯಗಾರನು ಬಲ್ಲನು. ಅವನು ಬಿಲವನ್ನು ಕೊನೆಯ ತನಕ ಅಗೆದು, ಕೆಸರು ತುಂಬಿ, ಕಾಲಿನಿಂದ ತುಳಿದು ಗಟ್ಟಿಮಾಡುತ್ತಾನೆ. ನಾವೂ ಪಾಪವನ್ನು ಮುಚ್ಚದೆ ದೇವರ ಮುಂದೆ ಅಗೆದು ತೆರೆಯೋಣ. ಮೋಸದಿಂದ ತಕ್ಕೊಂಡದ್ದನ್ನು ಹಿಂದಕ್ಕೆ ಕೊಡೋಣ. ಮುರಿದ ಮಾತಿಗಾಗಿ ಕ್ಷಮೆ ಕೇಳೋಣ.

ಆದರೆ ಪ್ರಿಯರೇ, ಇದನ್ನು ಮರೆಯಬೇಡಿರಿ: ಗದ್ದೆಗೆ ನೀರನ್ನು ತಂದವನು ಬೇಸಾಯಗಾರನಲ್ಲ. ಮಳೆಯು ದೇವರದು. ಹಾಗೆಯೇ ಕೃಪೆಯೂ ದೇವರದು. ನಮ್ಮ ಪ್ರಯಾಸದಿಂದ ಒಂದು ಹನಿಯೂ ಇಳಿಯುವದಿಲ್ಲ. ಉಚಿತವಾಗಿ ದೊರಕಿದ್ದನ್ನು ಸೋರಗೊಡದೆ ಕಾಯುವದೇ ನಮ್ಮ ಕೆಲಸ. ಕಾಯುವದಕ್ಕೆ ಬೇಕಾದ ಬಲವನ್ನೂ ಆತನೇ ಕೊಡುತ್ತಾನೆ.

ಈ ಹೊತ್ತು ಸಾಯಂಕಾಲ ದೀಪ ಹಚ್ಚಿದ ಮೇಲೆ ಮನೆಯವರೆಲ್ಲರೂ ಕೂಡಿ ಕೂತು, "ಕರ್ತನೇ, ನಮ್ಮ ಬದುವಿನಲ್ಲಿ ಬಿಲವೆಲ್ಲಿದೆ?" ಎಂದು ಕೇಳಿರಿ. ಆತನು ತೋರಿಸುವನು; ತೋರಿಸಿದ್ದನ್ನು ನಾಳೆಗೆ ಬಿಡಬೇಡಿರಿ. ನಿಮ್ಮನ್ನು ಕರೆದ ದೇವರು ಕಡೇ ಕೊಯ್ಲಿನ ವರೆಗೆ ನಿಮ್ಮನ್ನು ಕಾಪಾಡಲಿ. ಆಮೆನ್.