ಆಧುನಿಕರು ಯಾರು? – ಸಿದ್ದಿ ಬಂಧುಗಳ ನೆಪದಲ್ಲಿ ಒಂದು ವಿಚಾರ

ಸುಮಾರು ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆಂದು ಉತ್ತರ ಕನ್ನಡ ಜಿಲ್ಲೆಗೆ ಕರೆದೊಯ್ದಿದ್ದೆ. ಯಲ್ಲಾಪುರದ ಬಸ್ ನಿಲ್ದಾಣದ ಬಳಿ ಚಹಾ ಕುಡಿಯುತ್ತಿದ್ದಾಗ, ಕಡುಗಪ್ಪು ಮೈಬಣ್ಣದ, ಗುಂಗುರು ಕೂದಲಿನ ಹಿರಿಯರೊಬ್ಬರು ಪಕ್ಕದಲ್ಲಿ ನಿಂತಿದ್ದರು. ತಾವು ಯಾವ ದೇಶದವರೆಂದು ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಕೇಳಿದೆ. ಅವರು ನಕ್ಕು, "ಇಲ್ಲೇ ರೀ, ಇದೇ ತಾಲೂಕಿನವರು. ನಾವು ಸಿದ್ದಿಗಳು. ನಿಮ್ದು ಯಾವೂರು?" ಎಂದರು. ಆಂಧ್ರದ ಅನಂತಪುರ ಜಿಲ್ಲೆ ಎಂದೆ. "ಆಂಧ್ರದವರಾ? ಆದ್ರೂ ಕನ್ನಡ ಚಲೋ ಮಾತಾಡ್ತೀರಿ!" ಎಂದು ಅವರು ಬೆರಗಾದರು. ಮಕ್ಕಳು ಗೊಳ್ಳೆಂದು ನಕ್ಕರು, ನಾನು ನಾಚಿದೆ. ಯಾರವನೆಂದು ಕೇಳಬಾರದೆಂಬ ಬಸವಣ್ಣನವರ ವಚನವನ್ನು ಆ ಮಕ್ಕಳಿಗೆ ಬಾಯಿಪಾಠ ಮಾಡಿಸಿದವನು ನಾನೇ ಆಗಿದ್ದೆ.

ಆ ನಾಚಿಕೆಯೇ ನನ್ನನ್ನು ಓದಿಗೆ ಹಚ್ಚಿತು. ಆಫ್ರಿಕಾದ ಮೂಲದವರು ನಮ್ಮ ನಾಡಿಗೆ ಹೊಸಬರಲ್ಲ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ ಬಂದ ಮಲಿಕ್ ಅಂಬರ್, ಅಹಮದ್‌ನಗರದ ನಿಜಾಮಶಾಹಿಯ ಆಡಳಿತವನ್ನೇ ನಡೆಸಿದನು. ಖಡ್ಕಿ ನಗರವನ್ನು ಕಟ್ಟಿಸಿ, ನೆಲದಡಿಯ ಕಾಲುವೆಗಳಿಂದ ನೀರು ತಂದು, 1626ರಲ್ಲಿ ತೀರಿಕೊಂಡನು. ಅಷ್ಟು ದೂರವೇಕೆ, ನಮ್ಮ ನೆರೆಯ ಆದವಾನಿಯನ್ನು ಆಳಿದ ಸಿದ್ದಿ ಮಸೂದ್ ಖಾನನೂ ಆಫ್ರಿಕಾ ಮೂಲದವನೇ. ಬಿಜಾಪುರದ ಆದಿಲಶಾಹಿಯಲ್ಲಿ ರಾಜಪ್ರತಿನಿಧಿಯಾಗಿದ್ದ ಆತ ಕಟ್ಟಿಸಿದ ಜಾಮಿಯಾ ಮಸೀದಿ ಇಂದಿಗೂ ಆದವಾನಿಯಲ್ಲಿ ನಿಂತಿದೆ.

ಆದರೆ ಸಿಂಹಾಸನದ ಬಳಿ ಸೇರಿದವರು ಕೆಲವರೇ. ಪೋರ್ಚುಗೀಸರ ಹಡಗುಗಳಲ್ಲಿ ಗೋವೆಗೆ ಬಂದಿಳಿದ ಅನೇಕರು ಮನೆಯಾಳುಗಳಾಗಿ ಬಿಕರಿಯಾದರು. ತಪ್ಪಿಸಿಕೊಂಡವರು ಘಟ್ಟದ ಕಾಡುಗಳಲ್ಲಿ ನೆಲೆಸಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲೂಕುಗಳ ಸಿದ್ದಿಗಳಲ್ಲಿ ಹಲವರು ಅವರ ಸಂತತಿ. ಇವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ.

ಆಧುನಿಕತೆಯು ಯುರೋಪಿನಿಂದ ಹಡಗೇರಿ ಬಂದಿತೆಂದು ನಾವು ಶಾಲೆಯಲ್ಲಿ ಪಾಠ ಹೇಳಿದೆವು. ಆ ಹಡಗಿನ ಮೇಲಟ್ಟದಲ್ಲಿದ್ದವರನ್ನು ಆಧುನಿಕರೆಂದೆವು. ತಳದಲ್ಲಿ ಸರಪಳಿ ಬಿಗಿಸಿಕೊಂಡಿದ್ದವರನ್ನು ಮರೆತೆವು. ಅಮೆರಿಕದ ಕಪ್ಪು ಚಿಂತಕ ಡು ಬೋಯ್ಸ್ 1903ರಲ್ಲಿ, ತನ್ನ ಜನರು ತಮ್ಮನ್ನು ತಮ್ಮ ಕಣ್ಣಿನಿಂದಲೂ ಪರರ ಕಣ್ಣಿನಿಂದಲೂ ಏಕಕಾಲಕ್ಕೆ ನೋಡಿಕೊಳ್ಳಬೇಕಾದ ಇಬ್ಬಗೆಯ ಅರಿವನ್ನು ವಿವರಿಸಿದರು. 1993ರಲ್ಲಿ ಪಾಲ್ ಗಿಲ್ರಾಯ್ ಎಂಬ ವಿದ್ವಾಂಸರು, ಕಪ್ಪು ಜನರ ವಲಸೆ, ನೋವು, ಸಂಗೀತಗಳು ಆಧುನಿಕತೆಯ ಹೊರಗಿನವಲ್ಲ, ಅದರ ಒಳಗಿನವೇ ಎಂದು ವಾದಿಸಿದರು. ನನಗೆ ಈ ಮಾತು ಒಪ್ಪಿಗೆಯಾಗಿದೆ. ಸ್ವಾತಂತ್ರ್ಯವೇ ಆಧುನಿಕತೆಯ ತಿರುಳಾದರೆ, ಅದರ ಬಗ್ಗೆ ಗ್ರಂಥ ಬರೆದು ಮನೆಯಲ್ಲಿ ಆಳುಗಳನ್ನು ಕೊಂಡಿಟ್ಟುಕೊಂಡವನಿಗಿಂತ, ರಾತ್ರೋರಾತ್ರಿ ಕಾಡಿನ ಹಾದಿ ಹಿಡಿದವನೇ ಹೆಚ್ಚು ಆಧುನಿಕನಲ್ಲವೇ?

ಹೀಗಿದ್ದೂ ನಾವು ಅವರನ್ನು ಕಂಡದ್ದು ಹೇಗೆ? 1980ರ ದಶಕದ ಕೊನೆಯಲ್ಲಿ ಸರ್ಕಾರವು ಸಿದ್ದಿ ಮಕ್ಕಳನ್ನು ಆರಿಸಿ ಓಟ-ಜಿಗಿತಗಳ ತರಬೇತಿ ಕೊಡಿಸಿತು. ಆಫ್ರಿಕಾದ ರಕ್ತ ಪದಕ ತರುವುದೆಂಬ ನಂಬಿಕೆ ಅದರ ಹಿಂದಿತ್ತು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತುಹೋಯಿತು. ಅವಕಾಶ ಕೊಟ್ಟದ್ದು ಒಳ್ಳೆಯದೇ. ಆದರೆ ಮಗುವಿನ ಕಾಲನ್ನು ನೋಡಿ ಮಗುವನ್ನು ನೋಡದಿದ್ದುದು ತಪ್ಪು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಲು 2003ರವರೆಗೆ ಕಾಯಬೇಕಾಯಿತು. ಅವರಲ್ಲೊಬ್ಬರಾದ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರಾದದ್ದು 2020ರಲ್ಲಿ.

ಆಧುನಿಕರಾಗಲು ಹಳೆಯದನ್ನು ಕಳಚಿ ಎಸೆಯಬೇಕೇ? ಸಿದ್ದಿಗಳ ಡಮಾಮಿ ವಾದ್ಯದ ಸದ್ದು ಇನ್ನೂ ನಿಂತಿಲ್ಲ. ಅವರ ಹೆಣ್ಣುಮಕ್ಕಳು ಹಳೆಯ ಬಟ್ಟೆಯ ತುಂಡುಗಳಿಂದ ಹೊಲಿದ ಕೌದಿಗಳು ಅಮೆರಿಕದ ಪ್ರದರ್ಶನಗಳವರೆಗೂ ಹೋಗಿವೆ. ನಮ್ಮ ಬೊಮ್ಮನಹಾಳಿನ ಮನೆಗಳಲ್ಲಿಯೂ ಅಜ್ಜಿಯರು ಕೌದಿ ಹೊಲಿದವರೇ. ಅಜ್ಜಿಯ ಸೀರೆಯ ಚೂರು, ಮೊಮ್ಮಗನ ಅಂಗಿಯ ಚೂರು ಒಂದೇ ಹೊಲಿಗೆಯಲ್ಲಿ ಕೂಡುತ್ತವೆ. ಹೊದ್ದವರಿಗೆ ಬೇಕಾದುದು ಬೆಚ್ಚಗೆ. ಸಂಸ್ಕೃತಿಯೂ ಹಾಗೆಯೇ ಎಂದು ನನಗೆ ತೋರುತ್ತದೆ.

1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ನಮ್ಮ ರಾಯದುರ್ಗ ತಾಲೂಕು ಆಂಧ್ರಕ್ಕೆ ಸೇರಿತು. ಅಂದಿನಿಂದ ನಾವು ಕರ್ನಾಟಕಕ್ಕೆ ಹೋದಾಗ ಆಂಧ್ರದವರು, ಅನಂತಪುರಕ್ಕೆ ಹೋದಾಗ ಕನ್ನಡದವರು. ಆದರೆ ನಮ್ಮ ಈ ಕೊರಗನ್ನು ಸಿದ್ದಿಗಳ ಸಂಕಟದೊಡನೆ ತೂಗುವುದು ಸಲ್ಲದು. ನಮ್ಮನ್ನು ಯಾರೂ ಸಂತೆಯಲ್ಲಿ ಮಾರಲಿಲ್ಲ. ನಾವು ಮಲಗಿದ ಊರಿನಲ್ಲಿಯೇ ಎದ್ದೆವು, ಗಡಿ ಮಾತ್ರ ಸರಿದಿತ್ತು. ಆದರೂ "ನೀವು ನಮ್ಮವರಲ್ಲ" ಎಂಬ ನೋಟದ ಇರಿತ ಎಷ್ಟೆಂಬುದನ್ನು ನಾವು ಕಿಂಚಿತ್ತಾದರೂ ಬಲ್ಲೆವು. ಬಲ್ಲವರ ಮೇಲೆ ಹೊಣೆ ಹೆಚ್ಚು. ಕನ್ನಡ ನಮ್ಮದೆಂದು ಹಕ್ಕಿನಿಂದ ಹೇಳುವ ನಾವು, ಅದು ಅವರದೂ ಹೌದೆಂದು ಅಷ್ಟೇ ಹಕ್ಕಿನಿಂದ ಹೇಳಬೇಕು.

ಯಲ್ಲಾಪುರದ ಆ ಹಿರಿಯರು ನನ್ನ ಚಹಾದ ದುಡ್ಡನ್ನೂ ತಾವೇ ಕೊಟ್ಟರು. ಬೇಡವೆಂದಾಗ, "ನಮ್ಮೂರಿಗೆ ಬಂದೀರಿ, ಇರ್ಲಿ ಬಿಡ್ರೀ" ಎಂದರು. ಊರು ಯಾರದೆಂಬ ನನ್ನ ಪ್ರಶ್ನೆಗೆ ಅದಕ್ಕಿಂತ ದೊಡ್ಡ ಉತ್ತರವನ್ನು ನಾನು ಯಾವ ಗ್ರಂಥದಲ್ಲಿಯೂ ಓದಿಲ್ಲ.